ತೋಳಿನ ಕಡ್ಡಿಗೂ ಒಂದು ತಾರೀಖಿದೆ: ಗರ್ಭನಿರೋಧಕ ಇಂಪ್ಲಾಂಟ್ ಎಷ್ಟು ವರ್ಷ ಕೆಲಸ ಮಾಡುತ್ತದೆ?

ಶ್ರೀರಂಗಪಟ್ಟಣ/ಪಾಂಡವಪುರ/ಕೆ.ಆರ್.ಪೇಟೆ/ನಾಗಮಂಗಲ: ಅಂಗಡಿಯಲ್ಲಿ ಹತ್ತು ರೂಪಾಯಿಯ ಬಿಸ್ಕತ್ ಪೊಟ್ಟಣ ತೆಗೆದುಕೊಂಡರೂ ತಿರುಗಿಸಿ ಎಕ್ಸ್‌ಪೈರಿ ತಾರೀಖು ನೋಡುವ ಕಾಲ ಇದು. ತಾರೀಖು ಮುಗಿದ ಮಾಲು ಕೊಟ್ಟರೆ ಅಂಗಡಿಯವರಿಗೆ ಬೈಗುಳ ಗ್ಯಾರಂಟಿ. ಆದರೆ ಹೆಣ್ಣುಮಗಳೊಬ್ಬಳ ತೋಳಿನೊಳಗೆ ಮೂರು ವರ್ಷ ಕೂರುವ ಕಡ್ಡಿಯ ತಾರೀಖು ಎಲ್ಲಿ ಬರೆದಿದೆ? ಅದನ್ನು ನೆನಪಿಟ್ಟುಕೊಳ್ಳಬೇಕಾದವರು ಯಾರು?

ಕೇಂದ್ರ ಆರೋಗ್ಯ ಇಲಾಖೆ 2023ರಲ್ಲಿ ಕುಟುಂಬ ಯೋಜನೆಯ ಪಟ್ಟಿಗೆ ಎರಡು ಹೊಸ ವಿಧಾನ ಸೇರಿಸಲು ಮುಂದಾಯಿತು. ಒಂದು, ತೋಳಿನ ಚರ್ಮದಡಿ ಇಡುವ ಇಂಪ್ಲಾಂಟ್. ಇನ್ನೊಂದು, ಚರ್ಮದಡಿ ಹಾಕುವ ಗರ್ಭನಿರೋಧಕ ಇಂಜೆಕ್ಷನ್. ಎಲ್ಲ ಕಡೆ ಒಂದೇ ಸಲಕ್ಕೆ ಅಲ್ಲ, ಪ್ರಾಯೋಗಿಕವಾಗಿ ಕೆಲವು ರಾಜ್ಯಗಳ ಆಯ್ದ ಜಿಲ್ಲೆಗಳಲ್ಲಿ ಮಾತ್ರ. ಆ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅಲ್ಲಿಂದೀಚೆಗೆ ಮೊಬೈಲಿನ ವಿಡಿಯೊಗಳಲ್ಲಿ, ಗಾರ್ಮೆಂಟ್ಸ್ ಬಸ್ಸಿನಲ್ಲಿ, ಅಂಗನವಾಡಿ ಜಗಲಿಯಲ್ಲಿ ಈ ಕಡ್ಡಿಯ ಮಾತು ಓಡಾಡುತ್ತಿದೆ. ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚುಕಡಿಮೆ ಅವೇ: "ಅದು ಎಷ್ಟ್ ವರ್ಷ ಕೆಲ್ಸ ಮಾಡ್ತದೆ? ಮುಗುದ್ ಮ್ಯಾಲೆ ಅದೇ ಕರಗೋಯ್ತದಾ? ಆಮೇಲೆ ಮಕ್ಳಾಯ್ತವಾ?"

ಪ್ರಶ್ನೆ ಮೂರೇ ಆದರೂ ಇವುಗಳ ಮೇಲೆ ನಿಂತಿರುವುದು ಒಂದು ಸಂಸಾರದ ಲೆಕ್ಕಾಚಾರ.

ನೇರ ಉತ್ತರ: 3 ವರ್ಷ

ಈಗ ಚರ್ಚೆಯಲ್ಲಿರುವುದು ಒಂಟಿ ಕಡ್ಡಿಯ ಇಂಪ್ಲಾಂಟ್. ಉದ್ದ 4 ಸೆಂಟಿಮೀಟರ್, ದಪ್ಪ 2 ಮಿಲಿಮೀಟರ್. ಬೆಂಕಿಕಡ್ಡಿಯಷ್ಟು ಎಂದುಕೊಂಡರೆ ಸಾಕು. ಅದರೊಳಗೆ ಎಟೊನೊಜೆಸ್ಟ್ರೆಲ್ ಎಂಬ ಹಾರ್ಮೋನು 68 ಮಿಲಿಗ್ರಾಂ ಇರುತ್ತದೆ. ಬಲಗೈ ಬಳಸುವವರಿಗೆ ಎಡ ತೋಳಿನ ಒಳಬದಿಯಲ್ಲಿ, ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಚರ್ಮದ ಅಡಿಗೆ ಸೇರಿಸುತ್ತಾರೆ. ಹೊಲಿಗೆ ಇಲ್ಲ. ಕೆಲವೇ ನಿಮಿಷದ ಕೆಲಸ. ಹೊರಗಿಂದ ಕಾಣುವುದಿಲ್ಲ, ಆದರೆ ಬೆರಳಿಟ್ಟು ಒತ್ತಿದರೆ ಕೈಗೆ ಸಿಗಬೇಕು.

ಇದು 3 ವರ್ಷಕ್ಕೆ ಎಂದು ಮಂಜೂರಾಗಿ ಬಂದ ಕಡ್ಡಿ. ಈ ಅವಧಿಯಲ್ಲಿ ವರ್ಷಕ್ಕೆ 1,000 ಮಹಿಳೆಯರಲ್ಲಿ ಒಬ್ಬರಿಗೂ ಗರ್ಭ ನಿಲ್ಲುವುದು ಅಪರೂಪ. ಪ್ರತಿದಿನದ ಮಾತ್ರೆಯನ್ನು ಮರೆತೂ ಬಿಟ್ಟೂ ನುಂಗುವವರಲ್ಲಿ ವರ್ಷಕ್ಕೆ 100ಕ್ಕೆ ಏಳೆಂಟು ಮಂದಿಗೆ ಗರ್ಭ ನಿಲ್ಲುತ್ತದೆ. ವ್ಯತ್ಯಾಸ ಔಷಧದ ಶಕ್ತಿಯದ್ದಲ್ಲ, ನೆನಪಿನದು. ಕಡ್ಡಿಗೆ ದಿನಾ ನೆನಪು ಬೇಡ. ಮೂರು ವರ್ಷಕ್ಕೊಮ್ಮೆ ನೆನಪು ಬೇಕು. ತೊಡಕು ಇರುವುದೂ ಅಲ್ಲೇ.

ಎಲ್ಲ ಇಂಪ್ಲಾಂಟ್‌ಗಳ ಅವಧಿ ಒಂದೇ ಅಲ್ಲ. ಲೆವೊನೊಜೆಸ್ಟ್ರೆಲ್ ಹಾರ್ಮೋನಿನ ಎರಡು ಕಡ್ಡಿಯ 'ಜೇಡೆಲ್' ಎಂಬ ಬಗೆ 5 ವರ್ಷಕ್ಕೆ. ಅದೇ ಹಾರ್ಮೋನಿನ ಎರಡು ಕಡ್ಡಿಯ 'ಲೆವೊಪ್ಲಾಂಟ್' 3 ವರ್ಷಕ್ಕೆ. 1983ರಲ್ಲಿ ಫಿನ್ಲೆಂಡ್‌ನಲ್ಲಿ ಮೊದಲು ಒಪ್ಪಿಗೆ ಪಡೆದ ಹಳೆಯ 'ನಾರ್‌ಪ್ಲಾಂಟ್'ನಲ್ಲಿ 6 ಕಡ್ಡಿಗಳಿದ್ದವು, ಅದರ ಅವಧಿ 5 ವರ್ಷ. ಹಾಗಾಗಿ ಬೇರೆ ದೇಶದಲ್ಲಿರುವ ನೆಂಟರು "ನಂದು ಐದು ವರ್ಷದ್ದು" ಅಂದರೆ ಅದು ಸುಳ್ಳಲ್ಲ, ಆದರೆ ಅದು ಬೇರೆ ಕಡ್ಡಿ ಇರಬಹುದು. ಹಾಕಿಸಿಕೊಳ್ಳುವಾಗ ಕಡ್ಡಿಯ ಹೆಸರು ಕೇಳಿ ಬರೆದಿಟ್ಟುಕೊಳ್ಳಬೇಕಾದದ್ದು ಇದಕ್ಕೇ.

ಕಟ್ಟೆಯ ನೀರಿನ ಲೆಕ್ಕ

ಕಡ್ಡಿಯ ಕೆಲಸವನ್ನು ಕನ್ನಂಬಾಡಿ ಕಟ್ಟೆಯ ಕೆಳಗಿನ ಜನಕ್ಕೆ ವಿವರಿಸುವುದು ಸುಲಭ. ತುಂಬಿದ ಕಟ್ಟೆಯಿಂದ ಮೊದಮೊದಲು ನಾಲೆಗೆ ಜೋರಾಗಿ ನೀರು ಬಿಡುತ್ತಾರೆ, ಮಟ್ಟ ಇಳಿದಂತೆ ಬಿಡುವ ನೀರೂ ಇಳಿಯುತ್ತದೆ. ಕೊನೆ ಭಾಗದ ಗದ್ದೆಗೆ ತಲುಪುವಷ್ಟು ಹರಿಯುತ್ತಿರುವವರೆಗೆ ಬೆಳೆಗೆ ಮೋಸವಿಲ್ಲ.

ಕಡ್ಡಿಯೂ ಹಾಗೆಯೇ. ಹಾಕಿದ ಐದಾರು ವಾರದ ಹೊತ್ತಿಗೆ ದಿನಕ್ಕೆ 60ರಿಂದ 70 ಮೈಕ್ರೊಗ್ರಾಂ ಹಾರ್ಮೋನು ರಕ್ತಕ್ಕೆ ಸೇರುತ್ತಿರುತ್ತದೆ. ಮೊದಲ ವರ್ಷದ ಕೊನೆಗೆ ಅದು 35ರಿಂದ 45ಕ್ಕೆ, ಎರಡನೇ ವರ್ಷದ ಕೊನೆಗೆ 30ರಿಂದ 40ಕ್ಕೆ, ಮೂರನೇ ವರ್ಷದ ಕೊನೆಗೆ 25ರಿಂದ 30ಕ್ಕೆ ಇಳಿಯುತ್ತದೆ. ಅಷ್ಟಿದ್ದರೂ ಅಂಡ ಬಿಡುಗಡೆಯಾಗುವುದನ್ನು ತಡೆಯಲು, ಗರ್ಭಕಂಠದ ಲೋಳೆಯನ್ನು ಗಟ್ಟಿಯಾಗಿಸಿ ವೀರ್ಯಾಣು ಒಳಹೋಗದಂತೆ ಮಾಡಲು ಸಾಕು.

ಅಂದರೆ 3 ವರ್ಷ ತುಂಬಿದ ಮರುದಿನ ಬೆಳಿಗ್ಗೆ ನಲ್ಲಿ ಬಂದ್ ಮಾಡಿದಂತೆ ಕಡ್ಡಿ ನಿಲ್ಲುವುದಿಲ್ಲ. ನಿಧಾನಕ್ಕೆ ಇಳಿಯುತ್ತದೆ. ಯಾರ ಮೈಯಲ್ಲಿ ಯಾವ ತಿಂಗಳು ಕೊನೆ ಭಾಗಕ್ಕೆ ನೀರು ನಿಲ್ಲುತ್ತದೆ ಎಂದು ಹೊರಗಿನಿಂದ ನೋಡಿ ಹೇಳಲಾಗದು. ಅದಕ್ಕೇ ಒಂದು ತಾರೀಖು ಹಾಕಿರುವುದು.

'ಐದು ವರ್ಷ ಅಂತಾರಲ್ಲ?'

ಈ ಮಾತಿಗೂ ಆಧಾರವಿದೆ. ವಿಶ್ವ ಆರೋಗ್ಯ ಸಂಸ್ಥೆ ಏಳು ದೇಶಗಳಲ್ಲಿ ನಡೆಸಿದ ಅಧ್ಯಯನದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಈ ಒಂಟಿ ಕಡ್ಡಿಯನ್ನು 3 ವರ್ಷ ದಾಟಿಯೂ ಇಟ್ಟುಕೊಂಡು ಮುಂದುವರಿದ ಮಹಿಳೆಯರಲ್ಲಿ 5 ವರ್ಷದವರೆಗೂ ಗರ್ಭ ನಿಂತ ಒಂದು ಪ್ರಕರಣವೂ ಸಿಗಲಿಲ್ಲ. ಅಂದರೆ 3 ವರ್ಷ ಎಂಬುದು ಸ್ವಲ್ಪ ಕೈ ಹಿಡಿದು ಬರೆದ ಲೆಕ್ಕ.

ಆದರೆ ಇದನ್ನು ಕೇಳಿ "ಇನ್ನೆರಡು ವರ್ಷ ಬಿಡು, ಏನೂ ಆಗಲ್ಲ" ಎಂದು ಮನೆಯಲ್ಲೇ ತೀರ್ಮಾನ ಮಾಡುವುದು ಬೇರೆ ವಿಷಯ. ಆ ಮಹಿಳೆಯರು ವೈದ್ಯರ ನಿಗಾದಲ್ಲಿ, ತಪಾಸಣೆಗೆ ಬಂದು ಹೋಗುತ್ತಿದ್ದವರು. 3 ವರ್ಷ ದಾಟಿಸುವ ಮಾತೇನಿದ್ದರೂ ಕಡ್ಡಿಯ ಬಗೆ, ಮೈತೂಕ, ಸೇವಿಸುತ್ತಿರುವ ಮಾತ್ರೆ ಇವನ್ನೆಲ್ಲ ನೋಡಿ ವೈದ್ಯರು ಹೇಳಬೇಕು. ಕಾರ್ಡಿನಲ್ಲಿ ಬರೆದ ತಾರೀಖೇ ಮನೆಯವರಿಗೆ ಲೆಕ್ಕ.

ತಾರೀಖು ಮೀರಿದರೆ ಏನಾಗುತ್ತದೆ?

ಕಡ್ಡಿ ಕರಗುವುದಿಲ್ಲ. ಅದು ಒಂದು ಬಗೆಯ ಪ್ಲಾಸ್ಟಿಕ್. ಔಷಧ ಮುಗಿದರೂ ಕಡ್ಡಿ ಅಲ್ಲೇ ಇರುತ್ತದೆ. ವಿಷವಾಗುವುದಿಲ್ಲ, ಕೊಳೆಯುವುದಿಲ್ಲ. ಅವಧಿ ಮುಗಿದು ಎರಡು ತಿಂಗಳಾಯಿತು ಎಂದು ಗಾಬರಿ ಬೀಳುವ ಅಗತ್ಯವಿಲ್ಲ. ಆದರೆ ರಕ್ಷಣೆ ಇದೆ ಎಂದು ನಂಬಿಕೊಂಡು ಕೂರಲೂ ಆಗದು. ಮುಟ್ಟು ನಿಂತಿದ್ದರೆ "ಕಡ್ಡಿಯಿಂದಲೇ ಇರಬೇಕು" ಅಂದುಕೊಂಡು ಬಸಿರಾದದ್ದು ನಾಲ್ಕು ತಿಂಗಳಿಗೆ ಗೊತ್ತಾಗುವ ಅಪಾಯ ಇರುವುದು ಇಲ್ಲಿಯೇ. ಅವಧಿ ಮೀರಿದ್ದರೆ ಕಡ್ಡಿ ತೆಗೆಸುವವರೆಗೆ ಕಾಂಡೋಮ್ ಬಳಸಬೇಕು, ಅನುಮಾನ ಬಂದರೆ ಪರೀಕ್ಷೆ ಮಾಡಿಸಬೇಕು.

ತೆಗೆಯುವುದಕ್ಕೂ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಎರಡು ಮೂರು ಮಿಲಿಮೀಟರಿನಷ್ಟು ಗೀರಿ ಎಳೆದರೆ ಸಾಕು. ಮುಂದುವರಿಸಬೇಕೆನ್ನುವವರಿಗೆ ಅದೇ ಹೊತ್ತಿನಲ್ಲಿ ಹೊಸ ಕಡ್ಡಿ ಇಡಬಹುದು.

"ಮುಂದೆ ಮಕ್ಳಾಗಲ್ವಂತೆ" ಎಂಬ ಮಾತು ನಿಜವಲ್ಲ. ಕಡ್ಡಿ ತೆಗೆದ ಕೆಲವೇ ವಾರಗಳಲ್ಲಿ ಹೆಚ್ಚಿನವರಿಗೆ ಅಂಡ ಬಿಡುಗಡೆ ಮೊದಲಿನಂತೆ ಶುರುವಾಗುತ್ತದೆ. ಈ ವಿಷಯದಲ್ಲಿ ತಡವಾಗುವುದು 3 ತಿಂಗಳಿಗೊಮ್ಮೆ ಹಾಕುವ 'ಅಂತರಾ' ಇಂಜೆಕ್ಷನ್ನಿನಲ್ಲಿ. ಕೊನೆಯ ಇಂಜೆಕ್ಷನ್ ಆದ ಮೇಲೆ ಮತ್ತೆ ಗರ್ಭ ನಿಲ್ಲಲು ಸುಮಾರು 7ರಿಂದ 10 ತಿಂಗಳು ಹಿಡಿಯಬಹುದು. ಅದೂ ಶಾಶ್ವತವಲ್ಲ. ಎರಡನ್ನೂ ಒಂದೇ ಚೀಲಕ್ಕೆ ಹಾಕಿ ಮಾತಾಡುವುದರಿಂದಲೇ ಅರ್ಧ ಗಾಳಿಸುದ್ದಿ ಹುಟ್ಟುವುದು.

3 ವರ್ಷಕ್ಕೆ ಮೊದಲೇ ಕೈಕೊಡುವ ಸಂದರ್ಭ

ಇದು ಮೆಡಿಕಲ್ ಸ್ಟೋರ್‌ನವರೂ ಗಮನಿಸಬೇಕಾದ ಮಾತು. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆ ರೋಗಕ್ಕೆ ಕೊಡುವ ಫೆನಿಟೋಯಿನ್, ಕಾರ್ಬಮಜೆಪಿನ್, ಫಿನೊಬಾರ್ಬಿಟಾಲ್, ಎಚ್‌ಐವಿ ಚಿಕಿತ್ಸೆಯ ಎಫವಿರೆಂಜ್ ಇಂಥ ಔಷಧಗಳು ಕಡ್ಡಿಯ ಹಾರ್ಮೋನನ್ನು ಯಕೃತ್ತಿನಲ್ಲಿ ಬೇಗ ಖಾಲಿ ಮಾಡಿಸುತ್ತವೆ. ಕಟ್ಟೆಯಲ್ಲಿ ನೀರಿದ್ದರೂ ನಾಲೆ ಒಡೆದರೆ ಗದ್ದೆಗೆ ತಲುಪದು, ಹಾಗೆ. ಕಡ್ಡಿ ಹಾಕಿಸಿ ಒಂದೇ ವರ್ಷವಾಗಿದ್ದರೂ ಈ ಮಾತ್ರೆ ಶುರುವಾದರೆ ರಕ್ಷಣೆ ಕುಗ್ಗುತ್ತದೆ. ಮಾತ್ರೆ ನಿಲ್ಲಿಸಿದ ಮೇಲೂ ಸುಮಾರು 4 ವಾರ ಅದರ ಪರಿಣಾಮ ಇರುತ್ತದೆ. ಟಿಬಿ ಚಿಕಿತ್ಸೆ ನಡೆಯುವ ತಿಂಗಳುಗಳಲ್ಲಿ ಕಾಂಡೋಮ್ ಜೊತೆಗಿರಬೇಕು, ಇಲ್ಲವೇ ಕಾಪರ್-ಟಿಯಂಥ ಬೇರೆ ವಿಧಾನಕ್ಕೆ ಹೋಗಬೇಕು. ಹಾಗೆಂದು ಟಿಬಿ ಮಾತ್ರೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಡಬಾರದು.

ಕಷ್ಟ ಏನೆಂದರೆ, ಟಿಬಿ ಮಾತ್ರೆ ಕೊಡುವವರಿಗೆ ತೋಳಿನ ಕಡ್ಡಿಯ ವಿಷಯ ಗೊತ್ತಿರುವುದಿಲ್ಲ, ಕಡ್ಡಿ ಹಾಕಿದವರಿಗೆ ಟಿಬಿಯ ವಿಷಯ ಗೊತ್ತಿರುವುದಿಲ್ಲ. ಇಬ್ಬರಿಗೂ ಗೊತ್ತಿರುವುದು ಆ ಹೆಣ್ಣುಮಗಳಿಗೆ ಮಾತ್ರ. ಅವಳಿಗೆ ಯಾರೂ ಹೇಳಿರದಿದ್ದರೆ ಅವಳೂ ಹೇಳುವುದಿಲ್ಲ.

ಹಾಕಿಸಿಕೊಂಡ ದಿನವೂ ಲೆಕ್ಕಕ್ಕೆ ಬರುತ್ತದೆ. ಮುಟ್ಟಾದ ಮೊದಲ 5 ದಿನದೊಳಗೆ ಹಾಕಿಸಿದರೆ ಅಂದಿನಿಂದಲೇ ರಕ್ಷಣೆ. ಆಮೇಲೆ ಹಾಕಿಸಿದರೆ ಬಸಿರಿಲ್ಲ ಎಂದು ಖಚಿತ ಮಾಡಿಕೊಂಡು, ಮುಂದಿನ 7 ದಿನ ಕಾಂಡೋಮ್ ಬಳಸಬೇಕು. ಕಡ್ಡಿಯಿಂದ ಲೈಂಗಿಕ ರೋಗಗಳಿಗೆ ತಡೆಯಿಲ್ಲ ಎಂಬುದೂ ನೆನಪಿರಲಿ.

ಮುಟ್ಟಿನ ಏರುಪೇರು

ಅವಧಿಗೆ ಮುಂಚೆಯೇ ಕಡ್ಡಿ ತೆಗೆಸುವವರಲ್ಲಿ ಹೆಚ್ಚಿನವರು ಕೊಡುವ ಕಾರಣ ಒಂದೇ: ಮುಟ್ಟಿನ ಏರುಪೇರು. ಕೆಲವರಿಗೆ ಮುಟ್ಟು ನಿಂತೇ ಹೋಗುತ್ತದೆ, ಕೆಲವರಿಗೆ ಆಗಾಗ ಚೂರುಚೂರು, ಇನ್ನು ಕೆಲವರಿಗೆ ದಿನಗಟ್ಟಲೆ. ತಲೆನೋವು, ಮೊಡವೆ, ತೂಕ ಏರುವುದು ಕೂಡ ಇದೆ. ಇವು ಪ್ರಾಣಕ್ಕೆ ಅಪಾಯ ತರುವಂಥವಲ್ಲ. ಆದರೆ ಮುಟ್ಟಾದರೆ ಅಡುಗೆಮನೆಗೆ, ದೇವರಮನೆಗೆ ಬರಬಾರದು ಎನ್ನುವ ಮನೆಯಲ್ಲಿ ಹದಿನೈದು ದಿನ ಚೂರುಚೂರು ಹೋಗುವುದು ದೊಡ್ಡ ವಿಷಯವೇ. ಗದ್ದೆ ನಾಟಿಗೆ, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರಿಗೂ ಅದು ತೊಂದರೆಯೇ. ಮೊದಲೇ ಹೇಳಿದ್ದರೆ ತಡೆದುಕೊಳ್ಳುವವರು, ಹೇಳದೆ ಹಾಕಿದರೆ ಹೆದರುತ್ತಾರೆ. ಒಬ್ಬರು ಹೆದರಿದರೆ ಇಡೀ ಬೀದಿ ಹೆದರುತ್ತದೆ.

ಎಲ್ಲರಿಗೂ ಇದು ಹೊಂದುವುದೂ ಇಲ್ಲ. ಸ್ತನ ಕ್ಯಾನ್ಸರ್ ಇರುವವರು, ಕಾರಣ ಗೊತ್ತಿಲ್ಲದ ರಕ್ತಸ್ರಾವ ಇರುವವರು, ಯಕೃತ್ತಿನ ಗಂಭೀರ ಕಾಯಿಲೆ ಇರುವವರು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವವರು ಮೊದಲೇ ವೈದ್ಯರಿಗೆ ತಿಳಿಸಬೇಕು. ಹಾಲೂಡಿಸುವ ತಾಯಂದಿರು ವೈದ್ಯರನ್ನು ಕೇಳಿ ಬಳಸಬಹುದು.

ಆಪರೇಷನ್ನಿಗೆ ಒಗ್ಗಿದ ವ್ಯವಸ್ಥೆ

ಈ ಭಾಗಕ್ಕೆ ಕುಟುಂಬ ಯೋಜನೆ ಹೊಸದಲ್ಲ. ಮಂಡ್ಯ ಇನ್ನೂ ಪ್ರತ್ಯೇಕ ಜಿಲ್ಲೆಯಾಗದೆ ಮೈಸೂರಿಗೇ ಸೇರಿದ್ದ 1930ರಲ್ಲಿ ಮೈಸೂರು ಸಂಸ್ಥಾನವು ಸರ್ಕಾರದ ವತಿಯಿಂದಲೇ ಸಂತಾನ ನಿಯಂತ್ರಣ ಕ್ಲಿನಿಕ್‌ಗಳಿಗೆ ಆದೇಶ ಹೊರಡಿಸಿತು. ಬೆಂಗಳೂರಿನ ವಾಣಿವಿಲಾಸ, ಮೈಸೂರಿನ ಚೆಲುವಾಂಬ ಆಸ್ಪತ್ರೆಗಳ ಹೆಸರು ಆ ಚರಿತ್ರೆಯಲ್ಲಿದೆ. ಆಗ ಇಂಥ ಕೆಲಸಕ್ಕೆ ಕೈಹಾಕಿದ ಸರ್ಕಾರಗಳು ಜಗತ್ತಿನಲ್ಲೇ ಬೇರೆ ಇರಲಿಲ್ಲ ಎನ್ನುತ್ತಾರೆ.

ಅಲ್ಲಿಂದ ಸುಮಾರು 90 ವರ್ಷದ ಮೇಲೆ ಲೆಕ್ಕ ನೋಡಿದರೆ ಭಾರ ಬಿದ್ದಿರುವುದು ಒಂದೇ ಕಡೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ 100ಕ್ಕೆ 57 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರ ಆಪರೇಷನ್ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಮಾತ್ರೆ, ಕಾಪರ್-ಟಿ, ಕಾಂಡೋಮ್ ಎಲ್ಲವೂ ಉಳಿದ ಚೂರುಪಾರಿನಲ್ಲಿ.

ಇದರ ಅರ್ಥ ಸರಳ. ಇಲ್ಲಿನ ಪದ್ಧತಿ ಎಂದರೆ ಬೇಗ ಮದುವೆ, ಬೇಗಬೇಗ ಎರಡು ಮಕ್ಕಳು, ಎರಡನೇ ಬಾಣಂತನದಲ್ಲೇ ಆಪರೇಷನ್. ಮೊದಲ ಮಗುವಿಗೂ ಎರಡನೆಯದಕ್ಕೂ ನಡುವೆ ಬೇಕಾದ ಎರಡು ಮೂರು ವರ್ಷದ ಅಂತರಕ್ಕೆ ಸರಿಯಾದ ಆಸರೆ ಇಲ್ಲ. ರಕ್ತಹೀನತೆ ಇರುವ ತಾಯಿಗೆ ಆ ಅಂತರವೇ ಔಷಧ. 3 ವರ್ಷದ ಕಡ್ಡಿ ಆ ಜಾಗಕ್ಕೆ ಅಳತೆ ಹಾಕಿದಂತೆ ಕೂರುತ್ತದೆ. ಕೆಲಸ ಹಿಡಿದ, ಓದು ಮುಂದುವರಿಸುವ ಹೊಸ ಸೊಸೆಗೂ ಅಷ್ಟೇ.

ಆದರೆ ಆಪರೇಷನ್ ಒಂದು ದಿನದ ಕೆಲಸ. ಮುಗಿದರೆ ಮುಗಿಯಿತು, ರಿಜಿಸ್ಟರಿನಲ್ಲಿ ಒಂದು ಸಾಲು ಸಾಕು. ಕಡ್ಡಿ ಹಾಗಲ್ಲ. ಇಂದು ಹಾಕಿದವರನ್ನು 3 ವರ್ಷದ ಮೇಲೆ ಹುಡುಕಬೇಕು. ಆ ಹೊತ್ತಿಗೆ ನಾಗಮಂಗಲದ ತವರಿನಲ್ಲಿ ಕಡ್ಡಿ ಹಾಕಿಸಿಕೊಂಡವಳು ಕೆ.ಆರ್.ಪೇಟೆಯ ಗಂಡನ ಮನೆಯಲ್ಲೋ ಬೆಂಗಳೂರಿನ ಬಾಡಿಗೆ ಮನೆಯಲ್ಲೋ ಇರುತ್ತಾಳೆ. ನರ್ಸಮ್ಮನಿಗೆ ವರ್ಗವಾಗಿರುತ್ತದೆ. ಕಬ್ಬು ಕಡಿಯಲು ಬೇರೆ ಜಿಲ್ಲೆಯಿಂದ ಬಂದ ಕುಟುಂಬ ಕಟಾವು ಮುಗಿಸಿ ಹೊರಟಿರುತ್ತದೆ.

ಹಾಕುವವರಷ್ಟೇ ಅಲ್ಲ, ತೆಗೆಯುವವರೂ ಬೇಕು

ನಾರ್‌ಪ್ಲಾಂಟ್ ಕಲಿಸಿದ ಪಾಠ ಇದೇ. ಅಮೆರಿಕದಲ್ಲಿ 1990ರ ದಶಕದಲ್ಲಿ ಆ ಆರು ಕಡ್ಡಿಗಳನ್ನು ತೆಗೆಯುವಾಗ ಆದ ನೋವು, ಗಾಯ, ಅಡ್ಡಪರಿಣಾಮಗಳ ಮೇಲೆ ಸಾಲುಸಾಲು ಮೊಕದ್ದಮೆಗಳು ದಾಖಲಾದವು. 2002ರ ಹೊತ್ತಿಗೆ ಅಲ್ಲಿ ಮಾರಾಟವೇ ನಿಂತಿತು. ನಮ್ಮ ದೇಶದಲ್ಲೂ ಹಾರ್ಮೋನ್ ಇಂಜೆಕ್ಷನ್ ಪ್ರಯೋಗದಲ್ಲಿ ಮಹಿಳೆಯರಿಗೆ ಪೂರ್ತಿ ಮಾಹಿತಿ ಕೊಟ್ಟಿಲ್ಲ ಎಂದು ಮಹಿಳಾ ಸಂಘಟನೆಗಳು 1986ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದವು. ಈಗಿನ ಒಂಟಿ ಕಡ್ಡಿ ತೆಗೆಯಲು ಎಷ್ಟೋ ಸುಲಭ. ಕೈಗೆ ಸಿಗದಿದ್ದರೆ ಎಕ್ಸ್‌ರೇಯಲ್ಲಿ ಕಾಣುವಂತೆಯೂ ಮಾಡಿದ್ದಾರೆ. ಆದರೆ ಸುಲಭ ಎನ್ನುವುದು ತರಬೇತಿ ಪಡೆದ ಕೈಗೆ ಮಾತ್ರ.

ಹಾಗಾಗಿ ನಾಲ್ಕೂ ತಾಲ್ಲೂಕುಗಳ ಜನ ಕೇಳಬೇಕಾದ ಮೊದಲ ಪ್ರಶ್ನೆ "ಕಡ್ಡಿ ಯಾವಾಗ ಬರುತ್ತೆ" ಅನ್ನುವುದಲ್ಲ. "ಬಂದರೆ, ತೆಗೆಯುವವರು ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲೇ ಇರ್ತಾರಾ?" ಅನ್ನುವುದು. ಹಾಕಿಸಲು ಶಿಬಿರ ಮಾಡಿ, ತೆಗೆಸಲು ಮಂಡ್ಯಕ್ಕೋ ಮೈಸೂರಿಗೋ ಬೆಳ್ಳೂರಿನ ಬಿ.ಜಿ.ನಗರಕ್ಕೋ ಹೋಗಿ ಎಂದರೆ ಒಂದು ದಿನದ ಕೂಲಿ, ಜೊತೆಗೆ ಬರುವವರ ಕೂಲಿ, ಮಗುವಿನ ಚಿಂತೆ ಎಲ್ಲ ಸೇರಿ ತೆಗೆಸುವುದು ಮುಂದೂಡುತ್ತಲೇ ಹೋಗುತ್ತದೆ. ಶಕ್ತಿ ಯೋಜನೆಯಿಂದ ಬಸ್ಸಿನ ಟಿಕೆಟ್ ಉಳಿದೀತು, ದಿನ ಉಳಿಯುವುದಿಲ್ಲ.

ಇನ್ನೊಂದು ಮಾತು: ತೆಗೆಸಲು 3 ವರ್ಷ ತುಂಬಲೇಬೇಕೆಂದಿಲ್ಲ. ಮೂರು ತಿಂಗಳಿಗೇ ಬೇಡವೆಂದರೆ ತೆಗೆದುಕೊಡಬೇಕು. "ಸರ್ಕಾರದ ದುಡ್ಡು ಹಾಳು" ಎಂದು ವಾಪಸ್ ಕಳಿಸುವಂತಿಲ್ಲ. ವಯಸ್ಕ ಮಹಿಳೆ ಹಾಕಿಸಿಕೊಳ್ಳಲು ಅಥವಾ ತೆಗೆಸಿಕೊಳ್ಳಲು ಗಂಡನ ಸಹಿ ಬೇಕೆಂಬ ಕಾನೂನೂ ಇಲ್ಲ. ಮನೆಯಲ್ಲಿ ಮಾತಾಡಿಕೊಂಡು ಮಾಡಿದರೆ ಒಳ್ಳೆಯದು, ಆ ಮಾತು ಬೇರೆ.

ಗುಟ್ಟಿನಿಂದ ಆದ ನಷ್ಟ ಸಾಕು

ಈ ಜಿಲ್ಲೆಯಲ್ಲಿ ಬಸಿರಿನ ವಿಷಯ ಗುಟ್ಟಾಗಿಟ್ಟರೆ ಏನಾಗುತ್ತದೆ ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಆಲೆಮನೆಯೊಳಗೆ ಸ್ಕ್ಯಾನಿಂಗ್ ಯಂತ್ರ ಇಟ್ಟು ಹೆಣ್ಣೋ ಗಂಡೋ ಎಂದು ಹೇಳುತ್ತಿದ್ದ ಜಾಲ 2023ರ ಕೊನೆಯಲ್ಲಿ ಬಯಲಾದಾಗ ರಾಜ್ಯವೇ ಮಂಡ್ಯದ ಕಡೆ ತಿರುಗಿ ನೋಡಿತು. 2024ರಲ್ಲಿ ಪಾಂಡವಪುರದಲ್ಲೂ ಪ್ರಕರಣ ಹೊರಬಂತು. ಬೇಡದ ಬಸಿರಿಗೆ ದಾರಿ ಹುಡುಕುವ ಹೆಣ್ಣುಮಗಳಿಗೆ ಬೆಳಕಿನಲ್ಲಿ ಕೇಳುವ ಜಾಗ ಸಿಗದಿದ್ದರೆ ಕತ್ತಲಿನ ದಲ್ಲಾಳಿ ಸಿಗುತ್ತಾನೆ. ಕಡ್ಡಿಯಿಂದ ಗಂಡುಮಗುವಿನ ಹಂಬಲ ಹೋಗುವುದಿಲ್ಲ, ನಿಜ. ಆದರೆ ಯಾವಾಗ ತಾಯಿಯಾಗಬೇಕು ಎಂದು ಅವಳೇ ಹೇಳುವಂತಾದರೆ ಬೇಡದ ಬಸಿರಿನ ಸಂಕಟವಾದರೂ ಕಡಿಮೆಯಾದೀತು.

ಹಾಕಿಸುವ ಮೊದಲು ಕೇಳಿ

ಕಡ್ಡಿಯ ಹೆಸರೇನು, ಅವಧಿ ಎಷ್ಟು? ಹಾಕಿದ ತಾರೀಖು, ತೆಗೆಯಬೇಕಾದ ತಾರೀಖು ಕಾರ್ಡಿನಲ್ಲಿ ಬರೆದಿದೆಯೇ? ಯಾವ ತೋಳು? ತೆಗೆಯುವವರು ಎಲ್ಲಿದ್ದಾರೆ, ಯಾವ ವಾರ ಸಿಗುತ್ತಾರೆ? ಈಗ ಸೇವಿಸುತ್ತಿರುವ ಮಾತ್ರೆ ಇದಕ್ಕೆ ಹೊಂದುತ್ತದೆಯೇ? ಹಾಕಿದ ಮೇಲೆ ಕೈಯಲ್ಲಿ ಒತ್ತಿ ನೋಡಿ ಕಡ್ಡಿ ಸಿಗುತ್ತಿದೆಯೇ? ಮುಂದೆ ಯಾವತ್ತಾದರೂ ಸಿಗದಂತಾದರೆ ತಿಕ್ಕಿ ಹುಡುಕುವುದು ಬೇಡ, ಆಸ್ಪತ್ರೆಗೆ ಹೋಗಬೇಕು. ಅಲ್ಲಿಯವರೆಗೆ ಕಾಂಡೋಮ್ ಇರಲಿ.

ಕಾರ್ಡನ್ನು ತಾಯಿ ಕಾರ್ಡಿನ ಜೊತೆ ಇಟ್ಟು, ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಂಡರೆ ಕಳೆಯುವ ಭಯವಿಲ್ಲ. ಇಂಪ್ಲಾಂಟ್ ತಮ್ಮ ತಾಲ್ಲೂಕಿಗೆ ಬಂದಿದೆಯೋ ಇಲ್ಲವೋ ಎಂಬುದನ್ನು ಆಶಾ ಕಾರ್ಯಕರ್ತೆ ಅಥವಾ ಹತ್ತಿರದ ಪಿಎಚ್‌ಸಿಯಲ್ಲಿ ಕೇಳಿಯೇ ಹೊರಡುವುದು ಒಳ್ಳೆಯದು. ಕಾಯುವಷ್ಟು ಹೊತ್ತಿಲ್ಲದವರಿಗೆ ಸರ್ಕಾರಿ ಪಟ್ಟಿಯಲ್ಲಿ ಬೇರೆ ದಾರಿಗಳಿವೆ. ಕಾಪರ್-ಟಿ 380-ಎ 10 ವರ್ಷಕ್ಕೆ, ಕಾಪರ್-ಟಿ 375 5 ವರ್ಷಕ್ಕೆ, ಅಂತರಾ ಇಂಜೆಕ್ಷನ್ 3 ತಿಂಗಳಿಗೆ. 'ಛಾಯಾ' ಮಾತ್ರೆ ಮೊದಲ 3 ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೊಂದು.

ಆರೋಗ್ಯ ಇಲಾಖೆಯೂ ಒಂದು ಕೆಲಸ ಮಾಡಬಹುದು. ಮಗುವಿನ ಲಸಿಕೆಗೆ ಇರುವಂತೆ ಕಡ್ಡಿಗೂ ಒಂದು ಪಟ್ಟಿ ಇಟ್ಟು, ಅವಧಿ ಮುಗಿಯುವ ಮೂರು ತಿಂಗಳ ಮೊದಲು ಒಂದು ಫೋನ್ ಮಾಡಿದರೆ ಸಾಕು. ಅಂಗಡಿಯವನು ಮಾಲಿನ ತಾರೀಖು ನೋಡಿಕೊಳ್ಳುತ್ತಾನೆ, ತನ್ನ ಹೆಸರು ಕೆಡಬಾರದೆಂದು. ಸರ್ಕಾರಿ ಕಡ್ಡಿಗೂ ಹೆಸರು ಉಳಿಯುವುದು ಅಷ್ಟರಿಂದಲೇ.